ಬ್ರೆಡ್ ಮಷೀನ್ ಇದ್ದವರಿಗೆ: ಬೇಸಿಗೆಯಲ್ಲಿ ತಣ್ಣೀರು ಹಾಕಿ

ಮಷೀನ್ ಜೊತೆ ಬಂದ ಪುಸ್ತಕದಲ್ಲಿ ಉಗುರುಬೆಚ್ಚಗಿನ ನೀರು ಅಂತ ಇತ್ತು. ನಮ್ಮ ವಿಜಯಪುರದ ಏಪ್ರಿಲ್ ಬಿಸಿಲಿಗೆ ಅದು ನಡೆಯುವುದಿಲ್ಲ. ನನ್ನ ಮೊದಲ ಬ್ರೆಡ್ ಜಾಸ್ತಿ ಉಬ್ಬಿ, ಕೊನೆಗೆ ನಡುವೆ ಕುಸಿದು ಕೂತಿತು. ಈಗ ಮಡಕೆಯ ತಣ್ಣೀರೇ ಹಾಕುತ್ತೇನೆ. ಈಸ್ಟ್ ಕೂಡ ಕಾಲು ಚಮಚ ಕಡಿಮೆ.

ನನ್ನ ಅಳತೆ ಇದು: ಮೊದಲು 240 ಮಿ.ಲೀ. ನೀರು, 2 ದೊಡ್ಡ ಚಮಚ ಶೇಂಗಾ ಎಣ್ಣೆ, 1 ದೊಡ್ಡ ಚಮಚ ಸಕ್ಕರೆ, ಒಂದೂಕಾಲು ಟೀ ಚಮಚ ಉಪ್ಪು. ಅದರ ಮೇಲೆ 400 ಗ್ರಾಂ ಮೈದಾ. ಲೋಟದ ಅಳತೆ ನಂಬಬೇಡಿ, ತೂಕ ಮಾಡಿ. ಮೈದಾದಲ್ಲಿ ಸಣ್ಣ ಗುಂಡಿ ಮಾಡಿ 1 ಟೀ ಚಮಚ ಇನ್‌ಸ್ಟಂಟ್ ಈಸ್ಟ್ ಹಾಕಿ. ರಾತ್ರಿ ಟೈಮರ್ ಇಟ್ಟು ಮಲಗುವವರಾದರೆ ಈಸ್ಟ್‌ಗೆ ನೀರು ತಾಗಲೇಬಾರದು.

ನಾದಲು ಶುರುವಾಗಿ ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ, ಏನೂ ಆಗುವುದಿಲ್ಲ. ಹಿಟ್ಟು ಚಪಾತಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ, ಒಂದೇ ಉಂಡೆಯಾಗಿರಬೇಕು. ಒಣಗಿದ್ದರೆ ಒಂದು ಚಮಚ ನೀರು, ಅಂಟುತ್ತಿದ್ದರೆ ಒಂದು ಚಮಚ ಮೈದಾ. ಇದೊಂದು ನೋಡಿಕೊಂಡರೆ ಮುಕ್ಕಾಲು ಕೆಲಸ ಮುಗಿಯಿತು.

ಬೆಂದ ಕೂಡಲೇ ಪಾತ್ರೆಯಿಂದ ತೆಗೆಯಿರಿ. ತಳದಲ್ಲಿ ನಾದುವ ರೆಕ್ಕೆ ಸಿಕ್ಕಿಕೊಂಡಿದೆಯಾ ನೋಡಿ. ಒಂದು ತಾಸು ಆರಿದ ಮೇಲೆ ಕೊಯ್ಯಿರಿ, ಬಿಸಿ ಇದ್ದಾಗ ಕೊಯ್ದರೆ ಒಳಗೆ ಮುದ್ದೆಯಾಗುತ್ತದೆ. ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ, ಶೇಂಗಾ ಚಟ್ನಿ ಹಿಡಿದು ನಿಂತಿರುತ್ತಾರೆ!