ಟ್ರಯಲ್ ಬಗ್ಗೆ ಅಪ್ಪ ಅಮ್ಮನ ಹತ್ತಿರ ನಾನು ಹೇಗೆ ಮಾತಾಡುತ್ತೇನೆ

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ನಾನು ರಿಸರ್ಚ್ ನರ್ಸ್. ಡ್ರಿಪ್ ಹಾಕುತ್ತೇನೆ, ಸ್ಯಾಂಪಲ್ ತೆಗೆಯುತ್ತೇನೆ, ಆದರೆ ಜಾಸ್ತಿ ಹೊತ್ತು ಹೋಗುವುದು ಮಾತಿನಲ್ಲೇ. ನಿಮ್ಮ ಮಗುವನ್ನು ಟ್ರಯಲ್‌ಗೆ, ಅಂದರೆ ಯಾವ ಚಿಕಿತ್ಸೆ ಒಳ್ಳೇದು ಎಂದು ಹೋಲಿಸಿ ನೋಡುವ ಅಧ್ಯಯನಕ್ಕೆ, ಸೇರಿಸಿಕೊಳ್ಳಬಹುದಾ ಎಂದು ಕೇಳುವ ಮಾತು.

ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ದಿನವೇ ಒಪ್ಪಿಗೆಯ ದಪ್ಪ ಫಾರ್ಮ್ ಹಿಡಿದು ಹೋಗುವುದಿಲ್ಲ. ಆ ದಿನ ಏನು ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ. ಕೆಲವು ಟ್ರಯಲ್‌ಗಳಿಗೆ ಮೊದಲ ಡೋಸ್‌ಗೂ ಮುಂಚೆ ಸ್ಯಾಂಪಲ್ ಬೇಕು, ಆಗ ಅದಕ್ಕೆ ಬೇಕಾದಷ್ಟನ್ನೇ ಹೇಳಿ ಉಳಿದದ್ದನ್ನು ಮುಂದಕ್ಕೆ ಹಾಕುತ್ತೇನೆ. ಮಕ್ಕಳಲ್ಲಿ ಜಾಸ್ತಿ ಕಾಣುವ ರಕ್ತದ ಕ್ಯಾನ್ಸರ್ ಆದ ಎಎಲ್‌ಎಲ್‌ನಲ್ಲಿ ಮೊದಲ ಹಂತದ ಕೀಮೊ ಸುಮಾರು ಒಂದು ತಿಂಗಳು. ಆಮೇಲೆ ಮೂಳೆಮಜ್ಜೆಯಲ್ಲಿ 10,000 ಕೋಶಕ್ಕೆ ಒಂದು ಕ್ಯಾನ್ಸರ್ ಕೋಶ ಉಳಿದಿದ್ದರೂ ಪತ್ತೆಯಾಗುವಂಥ ಟೆಸ್ಟ್ ಮಾಡಿ, ಮುಂದಿನ ಚಿಕಿತ್ಸೆ ಎಷ್ಟು ಜೋರಾಗಿರಬೇಕು ಎಂದು ನೋಡುತ್ತಾರೆ. ಟ್ರಯಲ್‌ನ ದೊಡ್ಡ ಪ್ರಶ್ನೆ ಎಷ್ಟೋ ಸಲ ಬರುವುದು ಆಗಲೇ.

"ನಮ್ಮ ಮಗು ಮೇಲೆ ಪ್ರಯೋಗ ಮಾಡ್ತೀರಾ ಸಿಸ್ಟರ್?" ಎಂದು ಕೇಳದವರು ಕಡಿಮೆ. ಹೌದು ಎನ್ನುತ್ತೇನೆ. ಸುತ್ತಿ ಬಳಸಿ ಹೇಳಿದರೆ ನಂಬಿಕೆ ಹೋಗುತ್ತದೆ. ಆಮೇಲೆ ಫಾರ್ಬರ್ ಎಂಬ ಡಾಕ್ಟರ ಕಥೆ ಹೇಳುತ್ತೇನೆ. ಅಮಿನೊಪ್ಟೆರಿನ್ ಎಂಬ ಔಷಧಿ ಕೊಟ್ಟ ಕೆಲವು ಮಕ್ಕಳಲ್ಲಿ ರೋಗ ಹಿಂದೆ ಸರಿಯಿತು ಎಂದು ಆ ಡಾಕ್ಟರ್ 1948ರಲ್ಲಿ ಬರೆದರು, ಅದೂ ತಾತ್ಕಾಲಿಕವಾಗಿ ಅಷ್ಟೇ. ಇವತ್ತು ಒಳ್ಳೆ ಸೌಲಭ್ಯ ಇರುವ ಕಡೆ ಎಎಲ್‌ಎಲ್ ಬಂದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳು ಬದುಕುತ್ತಾರೆ. ವಿನ್‌ಕ್ರಿಸ್ಟಿನ್, ಮೆಥೊಟ್ರೆಕ್ಸೇಟ್, ಸ್ಟೀರಾಯ್ಡ್ ಎಲ್ಲಾ ಹಳೇ ಔಷಧಿಗಳೇ. ಯಾವುದನ್ನು ಎಷ್ಟು, ಯಾವಾಗ, ಯಾವುದರ ಜೊತೆ ಕೊಡಬೇಕು ಎಂದು ತಿಳಿದದ್ದು ಟ್ರಯಲ್‌ಗಳಿಂದ. ಏನನ್ನು ಬಿಡಬಹುದು ಎಂಬುದೂ ಹಾಗೆಯೇ: ಒಂದು ಕಾಲಕ್ಕೆ ಈ ಮಕ್ಕಳ ತಲೆಗೆ ರೇಡಿಯೇಷನ್ ಕೊಡುವುದು ಮಾಮೂಲಿಯಾಗಿತ್ತು, ಈಗ ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಕಷ್ಟ ಇರುವುದು ರ್‍ಯಾಂಡಮೈಸೇಶನ್ ವಿಷಯದಲ್ಲಿ. ಯಾವ ಮಗುವಿಗೆ ಯಾವ ಚಿಕಿತ್ಸೆ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಆರಿಸುತ್ತದೆ ಎಂದರೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ. "ಯಾವುದು ಒಳ್ಳೇದು ಅಂತ ಡಾಕ್ಟರಿಗೆ ಗೊತ್ತಲ್ವಾ, ಅದನ್ನೇ ಕೊಡಿ" ಎನ್ನುತ್ತಾರೆ. ಗೊತ್ತಿದ್ದರೆ ಈ ಟ್ರಯಲ್ಲೇ ಇರುತ್ತಿರಲಿಲ್ಲ. ಇದನ್ನು ಹೇಳಿ ಸುಮ್ನೆ ಕೂರುತ್ತೇನೆ. ಆಮೇಲೆ ಅವರ ಮಾತಿನಲ್ಲೇ ವಾಪಸ್ ಹೇಳಿಸುತ್ತೇನೆ. "ಹೊಸ ಔಷಧಿ ಕೊಡ್ತೀರಿ" ಎಂದಷ್ಟೇ ಬಂದರೆ ಮತ್ತೆ ಮೊದಲಿನಿಂದ ಶುರು.

ಈ ಹೊತ್ತಿನಲ್ಲಿ ಚಿಕಿತ್ಸೆ ಕೊಡುವ ಡಾಕ್ಟರನ್ನು ಸ್ವಲ್ಪ ಹೊರಗೆ ಕಳಿಸುತ್ತೇನೆ. ಅವರು ಎದುರಿಗಿದ್ದರೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಬೇಡ ಎಂದರೂ ಏನೂ ಬದಲಾಗದು ಎಂಬುದನ್ನು ಉದಾಹರಣೆ ಕೊಟ್ಟೇ ಹೇಳಬೇಕು: ಬಿಳಿ ರಕ್ತಕಣ ಇಳಿದಾಗ ಜ್ವರ ಬಂದರೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಬೇಕು, ಅದು ಟ್ರಯಲ್‌ನಲ್ಲಿ ಇದ್ದರೂ ಇಲ್ಲದಿದ್ದರೂ ಒಂದೇ.

ಮಗು ತಿಳಿದುಕೊಳ್ಳುವ ವಯಸ್ಸಿನದಾದರೆ ಅದನ್ನೂ ಕೇಳುತ್ತೇನೆ. ಮಗು ಬೇಡ ಎಂದರೆ ಅದಕ್ಕೆ ಬೆಲೆ ಕೊಡಬೇಕು ಎಂದು ವೈದ್ಯಕೀಯ ಸಂಶೋಧನೆಯ ನೀತಿ ಹೇಳುವ ಹೆಲ್ಸಿಂಕಿ ಘೋಷಣೆಯೇ ಹೇಳುತ್ತದೆ. ಚಿಕ್ಕವರ ಪ್ರಶ್ನೆ ಒಂದೇ, ಎಷ್ಟು ಸೂಜಿ ಜಾಸ್ತಿ? ಮಾಮೂಲಿ ಬ್ಲಡ್ ಟೆಸ್ಟ್ ಜೊತೆ ಪೋರ್ಟ್‌ನಿಂದಲೇ (ಚರ್ಮದಡಿ ಮೊದಲೇ ಇಟ್ಟಿರುವ, ರಕ್ತನಾಳಕ್ಕೆ ಹೋಗುವ ಸಾಧನ) ತೆಗೆಯುವುದಾದರೆ ಹಾಗೆನ್ನುತ್ತೇನೆ, ಹೆಚ್ಚಿಗೆ ಚುಚ್ಚುವುದಿದ್ದರೆ ಅದನ್ನೂ ಮುಚ್ಚಿಡುವುದಿಲ್ಲ. ದೊಡ್ಡ ಹುಡುಗಿಯೊಬ್ಬಳು, "ನಾನು ಬೇಡ ಅಂದ್ರೆ ಅಮ್ಮಂಗೆ ಬೇಜಾರಾಗತ್ತೆ, ನೀವೇ ಹೇಳ್ತೀರಾ?" ಎಂದಳು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. ಅವಳು ಟ್ರಯಲ್‌ಗೆ ಸೇರಲಿಲ್ಲ.

ಇನ್ನೊಂದು, ಸ್ಟೀರಾಯ್ಡ್ ನಡೆಯುವ ವಾರಗಳಲ್ಲಿ ಆದಷ್ಟು ಫಾರ್ಮ್ ತೆಗೆಯಬೇಡಿ. ಮಗುವಿಗೆ ಹೊತ್ತುಗೊತ್ತಿಲ್ಲದ ಹಸಿವು, ಸಿಟ್ಟು. ಅಪ್ಪ ಅಮ್ಮ ನಿದ್ದೆಗೆಟ್ಟಿರುತ್ತಾರೆ, ಆಗ ಹಾಕುವ ಸಹಿಯನ್ನು ನಾನು ಒಪ್ಪಿಗೆ ಎಂದುಕೊಳ್ಳುವುದಿಲ್ಲ.