ಗದ್ದಿಗೆಯಿಂದ ರಾಜಾಸೀಟ್‌ವರೆಗೆ: ಮಡಿಕೇರಿಯಲ್ಲಿ ಒಂದು ದಿನ

ಮಡಿಕೇರಿಯನ್ನು ಒಂದೇ ದಿನದಲ್ಲಿ ನೋಡಬೇಕೆನ್ನುವವರು ಹೆಚ್ಚಾಗಿ ಅಬ್ಬಿ ಜಲಪಾತವನ್ನೂ ರಾಜಾಸೀಟನ್ನೂ ಮುಗಿಸಿ ಮರಳುತ್ತಾರೆ. ಕುಶಾಲನಗರದವನಾದ ನಾನೂ ಬಹಳ ವರ್ಷ ಹಾಗೆಯೇ ಮಾಡಿದ್ದೆ. ಕಳೆದ ನವೆಂಬರ್‌ನಲ್ಲಿ, ಕಾಫಿ ಕೊಯ್ಲು ಬಿರುಸಾಗುವ ಮುನ್ನ, ಒಂಬತ್ತನೆಯ ತರಗತಿಯಲ್ಲಿರುವ ಮಗಳೊಡನೆ ಹೊರಟಾಗ ಮಾತ್ರ ಜಲಪಾತವನ್ನು ಕೈಬಿಟ್ಟು, ಕೊಡಗನ್ನು ಆಳಿದ ಹಾಲೇರಿ ಅರಸರು ಕಟ್ಟಿಸಿದ್ದನ್ನಷ್ಟೇ ನಡೆದು ನೋಡಲು ನಿಶ್ಚಯಿಸಿದೆ.

ಬಸ್ಸಿಳಿದು ಮೊದಲು ಮಹದೇವಪೇಟೆಯ ಮಾರ್ಗವಾಗಿ ಗದ್ದಿಗೆಗೆ, ಅಂದರೆ ಅರಸರ ಸಮಾಧಿಗಳಿರುವ ಜಾಗಕ್ಕೆ, ಹೋದೆವು. ದೊಡ್ಡವೀರರಾಜೇಂದ್ರ ಮತ್ತು ಅವನ ರಾಣಿಯ ಸಮಾಧಿ, ಅದರ ಬಳಿಯಲ್ಲೇ ಲಿಂಗರಾಜೇಂದ್ರನ ಸಮಾಧಿ ಅಲ್ಲಿವೆ. ಅರಸರು ವೀರಶೈವರಾದ್ದರಿಂದ ಒಳಗೆ ಶಿವಪೂಜೆ ನಡೆಯುತ್ತದೆ. ಹೊರಗಿನ ಗುಮ್ಮಟ ಮತ್ತು ಮಿನಾರುಗಳು ಇಸ್ಲಾಮೀ ಶೈಲಿಯವು, ಮೂಲೆಗಳಲ್ಲಿ ಕುಳಿತಿರುವುದು ನಂದಿ. ಟಿಪ್ಪುವಿನ ಸೇನೆಯೊಡನೆ ಕಾದಾಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೇ ಆವರಣದಲ್ಲಿದೆ. ಅರಸನ ಸನಿಹದಲ್ಲೇ ಸೇನಾನಿಗೂ ನೆಲ ದೊರೆತಿರುವುದನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಮಗಳು ಮಾತ್ರ ಲೆಕ್ಕ ಹಾಕುತ್ತಿದ್ದಳು. "ಅಪ್ಪಾ, ಕೊನೆಯ ರಾಜನದು ಯಾವುದು?" ಎಂದಳು. ಸಂಜೆ ಹೇಳುತ್ತೇನೆ ಎಂದೆ.

ಅಲ್ಲಿಂದ ಓಂಕಾರೇಶ್ವರ ದೇವಾಲಯಕ್ಕೆ. ಕೊಳದ ಮೆಟ್ಟಿಲ ಮೇಲೆ ನಿಂತವಳು ಗದ್ದಿಗೆಯ ಗುಮ್ಮಟವೇ ಇಲ್ಲಿಗೂ ಬಂದಿದೆಯೆಂದು ತಾನಾಗಿಯೇ ಗುರುತಿಸಿದಳು. ಲಿಂಗರಾಜೇಂದ್ರನು ಕಾಶಿಯಿಂದ ಲಿಂಗವನ್ನು ತರಿಸಿ ಈ ದೇವಾಲಯವನ್ನು ಪೂರ್ಣಗೊಳಿಸಿದ್ದು 1820ರಲ್ಲಿ. ಅದೇ ವರ್ಷ ಅವನು ತೀರಿಕೊಂಡ, ಮಗ ಚಿಕ್ಕವೀರರಾಜೇಂದ್ರನು ತಂದೆಗೆ ಗದ್ದಿಗೆಯನ್ನು ಕಟ್ಟಿಸಿದ. ಇಲ್ಲಿನ ಕಿಟಕಿಗಳ ಬಳಿ ತುಸು ಹೊತ್ತು ನಿಲ್ಲಬೇಕು. ಪಂಚಲೋಹದ ಪ್ರತಿಯೊಂದು ಸರಳಿನಲ್ಲಿಯೂ 'ಓಂ' ಅಕ್ಷರವನ್ನು ಮೂಡಿಸಿದ್ದಾರೆ. ಅವಸರದಲ್ಲಿ ಪ್ರದಕ್ಷಿಣೆ ಮುಗಿಸುವವರಿಗೆ ಅದು ಕಾಣುವುದೇ ಇಲ್ಲ, ನನಗೂ ಹಿಂದೆ ಕಂಡಿರಲಿಲ್ಲ.

ಊಟ ಮುಗಿಸಿ ಕೋಟೆ ಹತ್ತಿದೆವು. 1681ರಲ್ಲಿ ಊರನ್ನು ಕಟ್ಟಿದ ಮುದ್ದುರಾಜನ ಕಾಲದ್ದು ಮಣ್ಣಿನ ಕೋಟೆ, ಕಲ್ಲಿನದು ಟಿಪ್ಪುವಿನ ಕಾಲದ್ದು. ಎರಡು ಅಂತಸ್ತಿನ ಅರಮನೆಯ ಈಗಿನ ರೂಪ ಲಿಂಗರಾಜೇಂದ್ರನದು. ನಿಜದ ಆನೆಯಷ್ಟೇ ಎತ್ತರದ ಎರಡು ಗಾರೆಯ ಆನೆಗಳ ಎದುರು ಎಲ್ಲರಂತೆ ನಾವೂ ಚಿತ್ರ ತೆಗೆಸಿಕೊಂಡೆವು. ವಸ್ತುಸಂಗ್ರಹಾಲಯವಿರುವ ಕಟ್ಟಡ 1855ರ ಇಗರ್ಜಿ, ಅಂದರೆ ಚರ್ಚು. ಅರಸೊತ್ತಿಗೆ ಹೋಗಿ ಇಪ್ಪತ್ತು ವರ್ಷ ಕಳೆದ ಮೇಲೆ ಕೋಟೆಯೊಳಗೇ ಎದ್ದ ಆ ಇಗರ್ಜಿಯನ್ನು ತೋರಿಸಿದರೆ, ಮಕ್ಕಳಿಗೆ ಆಳ್ವಿಕೆ ಬದಲಾದದ್ದನ್ನು ಬೇರೆ ವಿವರಿಸಬೇಕಾಗಿಲ್ಲ.

ದಿನವಿಡೀ ಏರು, ಇಳಿಜಾರು. ಗಟ್ಟಿ ಹಿಡಿತದ ಪಾದರಕ್ಷೆ ಬೇಕು. ಮಳೆಗಾಲದಲ್ಲಿ ಪಾಚಿ ಹಿಡಿದ ಮೆಟ್ಟಿಲುಗಳ ಮೇಲೆ ವಯಸ್ಸಾದವರನ್ನು ನಡೆಸಬಾರದು.

ಸೂರ್ಯ ಇಳಿಯುವ ಹೊತ್ತಿಗೆ ರಾಜಾಸೀಟ್‌ನ ನಾಲ್ಕು ಕಂಬದ ಮಂಟಪದ ಬಳಿ ಕುಳಿತು ಅವಳ ಪ್ರಶ್ನೆಗೆ ಉತ್ತರಿಸಿದೆ. 1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. 1859ರಲ್ಲಿ ಅವನು ಲಂಡನ್ನಿನಲ್ಲಿ ತೀರಿಕೊಂಡ. "ತಂದೆಗೆ ಗದ್ದಿಗೆ ಕಟ್ಟಿಸಿದವನಿಗೆ ಇಲ್ಲಿ ಗದ್ದಿಗೆ ಇಲ್ಲವೇ?" ಎಂದಳು. ಇಲ್ಲ ಎಂದೆ. ಕಣಿವೆಗೆ ಮಂಜು ಇಳಿಯುವವರೆಗೂ ಇಬ್ಬರೂ ಅಲ್ಲೇ ಕುಳಿತಿದ್ದು, ಆಮೇಲೆ ಬಸ್ ನಿಲ್ದಾಣದತ್ತ ನಡೆದೆವು.