ಬೇವಿನ ಕವಲಿಗೆ ಕಟ್ಟಿದ ಅಮೃತಬಳ್ಳಿ: ನನ್ನ ಅನುಭವ

ಅಮೃತಬಳ್ಳಿಯನ್ನು ನೆಲಕ್ಕೆ ಊರುವುದಿಲ್ಲ, ಬದುವಿನ ಬೇವಿನ ಕವಲಿಗೇ ಕಟ್ಟುತ್ತೇನೆ ಎಂದಾಗ ಕುಷ್ಟಗಿ ಕಡೆಯ ಬೆಳೆಗಾರರು ಆಡಿದ್ದು ಒಂದೇ ಮಾತು: “ಹಗ್ಗ ತೂಗುಬಿಟ್ಟಂಗ ಆಕ್ಕೈತಿ ನೋಡ್ರಿ.” ಕಟ್ಟಿದ್ದು 40 ತುಂಡು, ಬಿಳಲು (ತೂಗುಬೇರು) ಇಳಿಸಿ ನೆಲ ಹಿಡಿದದ್ದು 27. ಸಂಸ್ಕೃತದವರು ಇದನ್ನು ಛಿನ್ನರುಹಾ, ಕಡಿದರೂ ಚಿಗುರುವುದು, ಎಂದು ಸುಮ್ಮನೆ ಕರೆದಿಲ್ಲ.

ಮೊದಲ ವರ್ಷ ಎಲ್ಲರಂತೆ ಮಿರಗದ (ಮೃಗಶಿರಾ, ಜೂನ್ ಆರಂಭದ) ಮಳೆಗೆ ಗೇಣುದ್ದ, ಎರಡು ಗಿಣ್ಣಿನ 120 ಕಡ್ಡಿಯನ್ನು ಬೇವಿನ ಬುಡದಲ್ಲಿ ಊರಿದ್ದೆ. ಎರಿ (ಕಪ್ಪು ಮಣ್ಣಿನ) ಹೊಲದವು ಒಂದೇ ದೊಡ್ಡ ಮಳೆಗೆ ನೀರು ನಿಂತು ಕೊಳೆತವು. ಮಸಾರಿಯವು (ಕೆಂಪು ಮಣ್ಣಿನವು) ಮಳೆ ಹದಿನೈದು ದಿನ ಕೈಕೊಟ್ಟದ್ದಕ್ಕೆ ಒಣಗಿದವು. ಮೇಲ್ಪದರದ ತೇವವನ್ನೆಲ್ಲ ಬೇವಿನ ಬೇರೇ ಕುಡಿದುಬಿಡುತ್ತದೆ. ಚಿಗುರಿದ್ದನ್ನು ಆಡು ಮೇಯ್ದವು. ಉಳಿದದ್ದು 14. ಕೂಲಿ, ಬೇಲಿ ಸೇರಿ ನಾಲ್ಕು ಸಾವಿರದ ಹತ್ತಿರ ಹೋಯಿತು. ಕೆಲವನ್ನು ತಲೆಕೆಳಗಾಗಿ ಊರಿದ್ದೂ ಉಂಟು. ಎಲೆ ಉದುರಿದ ಕಡ್ಡಿಯಲ್ಲಿ ತೊಟ್ಟಿನ ಗುರುತು ಕೆಳಗಿರಬೇಕು, ಮೊಗ್ಗು ಅದರ ಮೇಲಿರಬೇಕು.

ಈಗ ಹೆಬ್ಬೆರಳು ದಪ್ಪದ, ಕಾಗದದಂತೆ ಸಿಪ್ಪೆ ಏಳುವ ಹಳೆ ಬಳ್ಳಿಯನ್ನೇ ಆರಿಸುತ್ತೇನೆ. ಉಗುರಿನಿಂದ ಕೆರೆದರೆ ಒಳಗೆ ಹಚ್ಚಹಸಿರು, ಅಂಟಂಟು ಇರಬೇಕು. ಅಡ್ಡ ಕೊಯ್ದರೆ ಬಂಡಿಗಾಲಿಯ ಅರೆಗಳಂಥ ಗೆರೆ ಕಾಣಬೇಕು. ಮೈತುಂಬ ಗಂಟುಗಂಟಾಗಿದ್ದರೆ, ಇಲ್ಲವೇ ಎಲೆಯ ಹಿಂಬದಿ ತುಪ್ಪುಳಿದ್ದರೆ ಅದು ಇದರ ದಾಯಾದಿ, ದುಡ್ಡು ಕೊಡಬೇಡಿ.

ನಾಲ್ಕು ಮೊಳದ ತುಂಡನ್ನು ಎರಡು ದಿನ ನೆರಳಲ್ಲಿಟ್ಟು ಕೊಯ್ದ ಬಾಯಿ ಒಣಗಿಸಬೇಕು. ಆರಿದ್ರಾ ಮಳೆ (ಜೂನ್ ಕೊನೆಯದು) ಹದವಾಗಿ ಬಿದ್ದ ಮೇಲೆ, 7-8 ಅಡಿ ಎತ್ತರದ ಕವಲಿಗೆ, ಬಿಸಿಲು ಕಡಿಮೆ ಬೀಳುವ ಬದಿಯಲ್ಲಿ ಸೆಣಬಿನ ದಾರದಿಂದ ಸಡಿಲಾಗಿ ಕಟ್ಟಬೇಕು. ಪ್ಲಾಸ್ಟಿಕ್ ದಾರ ಬಳ್ಳಿ ದಪ್ಪವಾದಾಗ ಕೊರೆಯುತ್ತದೆ. ಮೇಲಿನ ಬಾಯಿಗೆ ಏನು ಮೆತ್ತುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ.

ಮೂರನೇ ವಾರಕ್ಕೆ ದಾರದೆಳೆಯಂಥ ಬಿಳಲು ಇಳಿಯತೊಡಗುತ್ತದೆ. ಮೋಡ ಕವಿದ ದಿನ ಎರಡು ಬೆರಳು ಇಳಿದರೆ, ಒಣಗಾಳಿ ಬೀಸಿದ ದಿನ ಅಲ್ಲೇ ನಿಲ್ಲುತ್ತದೆ. ಸತ್ತ 13ರಲ್ಲಿ ಹೆಚ್ಚಿನವು ಗಾಳಿಗೆ ಬಿಳಲು ಹರಿದೇ ಸತ್ತವು. ಆಮೇಲೆ ಹಳೆ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ, ಬಿಳಲನ್ನು ಅದರೊಳಗೆ ಇಳಿಬಿಟ್ಟೆ. ಗಾಳಿಯ ಕಾಟವೂ ತಪ್ಪಿತು, ಆಡಿನ ಕಾಟವೂ ತಪ್ಪಿತು. ತುದಿ ನೆಲ ಮುಟ್ಟುವ ಕಡೆ ಎರಡು ಬೊಗಸೆ ಹಳೆ ಗೊಬ್ಬರ, ಸುತ್ತ ಜಾಲಿಮುಳ್ಳು ಸಾಕು. ಬಳ್ಳಿಯನ್ನು ಮಾತ್ರ ಸರಕಾರಿ ಜಾಲಿಗೆ ಹಬ್ಬಿಸಬೇಡಿ. ಬೆಳೆಯುತ್ತದೆ, ಆದರೆ ಕೊಯ್ಯುವವರು ಸಿಗುವುದಿಲ್ಲ.

ಮೂರನೇ ವರ್ಷದಿಂದ ಕೊಯ್ಲು. ಕವಲಿನ ಮೇಲೆ ಎರಡು ಗಿಣ್ಣು ಬಿಟ್ಟು, ಹೆಬ್ಬೆರಳಿಗಿಂತ ದಪ್ಪಗಿರುವುದನ್ನಷ್ಟೇ ಕಡಿಯುತ್ತೇನೆ. ಮೊದಲ ಸಲ ಅಕ್ಟೋಬರಿನಲ್ಲೇ ಅವಸರಪಟ್ಟು ಕಡಿದೆ. ಸೀಳದೆ, ಅರೆ ಒಣಗಿದ್ದನ್ನೇ ಚೀಲಕ್ಕೆ ತುಂಬಿದೆ. 60 ಕಿಲೋ ಬೂಸ್ಟು ಹಿಡಿಯಿತು, ವ್ಯಾಪಾರಿ ಮುಟ್ಟಲಿಲ್ಲ. ಈಗ ಎಲೆ ಉದುರುವ ಚಳಿಗಾಲಕ್ಕೆ ಕಡಿದು, ಎರಡಿಂಚಿನ ತುಂಡು ಮಾಡಿ, ದಪ್ಪನೆಯದನ್ನು ಸೀಳಿ, ನೆರಳಲ್ಲಿ ದಿನಾ ಮಗುಚಿ ಹತ್ತು ದಿನ ಒಣಗಿಸುತ್ತೇನೆ. ನೂರು ಕಿಲೋ ಹಸಿಗೆ 20 ಕಿಲೋ ಒಣಗಿದ್ದು ಬರುತ್ತದೆ. ನನಗೆ ಸಿಕ್ಕಿದ್ದು ಕಿಲೋಗೆ 45ರ ಆಸುಪಾಸು. ಬೇವಿನ ಮೇಲಿನದೆಂದು ಐದು ರೂಪಾಯಿ ಹೆಚ್ಚೇ ಕೊಟ್ಟರು.

ಬೀಜದಿಂದಲೂ ನೋಡಿದೆ. ಗಂಡು, ಹೆಣ್ಣು ಬಳ್ಳಿ ಬೇರೆ ಬೇರೆ. ಬಟಾಣಿ ಗಾತ್ರದ ಕೆಂಪು ಹಣ್ಣು ಬಿಡುವುದು ಹೆಣ್ಣು ಬಳ್ಳಿ ಮಾತ್ರ. ಮೊಳೆತದ್ದು ಕೈಬೆರಳೆಣಿಕೆ, ಬಿಟ್ಟೆ.

ಸತ್ವವನ್ನೂ (ಬಳ್ಳಿಯೊಳಗಿನ ಹಿಟ್ಟು) ತೆಗೆದೆ. ಸಿಪ್ಪೆ ಹೆರೆದು (ಹೆರೆಯದಿದ್ದರೆ ಕಂದು ಬಣ್ಣ ಬರುತ್ತದೆ) ಜಜ್ಜಿ, ನೀರಲ್ಲಿ ಕಿವುಚಿ, ಸೋಸಿ, ತಳಕ್ಕಿಳಿದ ಹಿಟ್ಟಿನ ಮೇಲಿನ ನೀರನ್ನು ಮೂರು ಸಲ ಬಸಿದೆ. ಹತ್ತು ಕಿಲೋ ಹಸಿ ಬಳ್ಳಿಗೆ 300 ಗ್ರಾಂ ಬಂತು. ಬೇಸಿಗೆಯಲ್ಲಿ ಒಮ್ಮೆ ಎರಡು ರಾತ್ರಿ ನೆನೆಯಲು ಬಿಟ್ಟದ್ದು ಹುಳಿ ಬಂದು ಚೆಲ್ಲಬೇಕಾಯಿತು. ಎರಡಾಳಿನ ಕೂಲಿ ಕಳೆದರೆ ಒಣಗಿಸಿ ಮಾರುವುದೇ ಲೇಸು.